ಸ್ವದೇಶಿ ಕಾರು ಎಂದರೆ ಯಾವುದು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರರೊಬ್ಬರು ನೀಡಿದ ಉಪನ್ಯಾಸ)

 

ಶಿವಾನುಭವದಲ್ಲಿ ಕಾರಿನ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಪೂಜ್ಯರು ವಿಷಯ ಕೇಳಿದಾಗ ಇದನ್ನೇ ಹೇಳಿದೆ, ಅವರು ನಕ್ಕು ಒಪ್ಪಿದರು. ಕಾರಣ ಇಷ್ಟೆ. ನಮ್ಮೆಲ್ಲರ ಮೊಬೈಲಿಗೆ ಆಗಾಗ ಒಂದು ಸಂದೇಶ ಬರುತ್ತದೆ: ದೇಶಭಕ್ತನಾದವನು ವಿದೇಶಿ ಕಾರು ಕೊಳ್ಳಬಾರದು, ಕೊಂಡವನು ದೇಶಕ್ಕೆ ದ್ರೋಹ ಮಾಡಿದಂತೆ. ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರು ಉಳಿತಾಯದ ಹಣದಲ್ಲಿ ಮೊದಲ ಸಲ ಒಂದು ಕಾರು ತಂದರು. ಪೂಜೆಗೆ ಬಂದವರಲ್ಲಿ ಒಬ್ಬ ಯುವಕ, "ಏನ್ರೀ ಸರ, ನೀವೂ ಪರದೇಶದವರಿಗೇ ರೊಕ್ಕಾ ಕೊಟ್ರಿ?" ಎಂದ. ಮೂವತ್ತೈದು ವರ್ಷ ಹಳ್ಳಿ ಮಕ್ಕಳಿಗೆ ಗಣಿತ ಕಲಿಸಿದ ಮನುಷ್ಯ ತಲೆ ತಗ್ಗಿಸಿ ನಿಂತರು. ಹಾಗೆ ಕೇಳಿದ ಯುವಕನ ಕೈಯಲ್ಲಿದ್ದ ಮೊಬೈಲು ಯಾವ ದೇಶದ್ದು ಎಂದು ಯಾರೂ ಕೇಳಲಿಲ್ಲ.

ಆ ಯುವಕ ಕೆಟ್ಟವನಲ್ಲ. ದೇಶದ ಮೇಲೆ ಅವನಿಗೆ ಪ್ರೀತಿಯಿದೆ. ಆದರೆ ಆ ಪ್ರೀತಿಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ನಾನು ಇಂಜಿನಿಯರ್. ಅಳತೆಗೋಲು ಸರಿಯಿಲ್ಲದಿದ್ದರೆ ಕಟ್ಟಿದ ಗೋಡೆ ವಾಲುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಇವತ್ತು ಆ ಅಳತೆಗೋಲನ್ನೇ ಸ್ವಲ್ಪ ಪರೀಕ್ಷಿಸೋಣ.

ಮೊದಲನೆಯದಾಗಿ, ಸ್ವದೇಶಿ ಕಾರು ಎಂದರೆ ಯಾವುದು? ಮಾಲೀಕ ಭಾರತೀಯನಾದರೆ ಸ್ವದೇಶಿ ಎನ್ನೋಣ. 2008ರಲ್ಲಿ ಟಾಟಾ ಮೋಟರ್ಸ್ ಅಮೆರಿಕದ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡಿತು. ಹಾಗಾದರೆ ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಇಂಗ್ಲಿಷ್ ಕಾರ್ಮಿಕರು ತಯಾರಿಸಿದ ಲ್ಯಾಂಡ್ ರೋವರ್ ಸ್ವದೇಶಿ. ಬಿಡದಿಯಲ್ಲಿ ರಾಮನಗರ, ಮಾಗಡಿ, ಚನ್ನಪಟ್ಟಣದ ಕಡೆಯ ಹುಡುಗರು ಜೋಡಿಸುವ ಇನ್ನೋವಾ ವಿದೇಶಿ. ಇದು ಸರಿಯೆ?

ಹೆಸರನ್ನು ನೋಡೋಣ ಎಂದರೆ ಇನ್ನೂ ಕಷ್ಟ. ಎಂಜಿ ಎಂಬುದು ಹಳೆಯ ಬ್ರಿಟಿಷ್ ಹೆಸರು. ಈಗ ಅದರ ಒಡೆತನ ಚೀನಾದ ಸೈಕ್ ಎಂಬ ಕಂಪನಿಯದು. ನಮ್ಮಲ್ಲಿ ಮಾರುವ ಎಂಜಿ ಕಾರು ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ. ಇಲ್ಲಿನ ಕಂಪನಿಯಲ್ಲಿ ಶೇ. 35ರಷ್ಟು ಪಾಲು ಜೆಎಸ್‌ಡಬ್ಲ್ಯೂ ಸಮೂಹದ್ದು, ಅಂದರೆ ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವವರದ್ದು. ಈಗ ಹೇಳಿ, ಈ ಕಾರು ಬ್ರಿಟನ್ನಿನದೋ, ಚೀನಾದ್ದೋ, ಗುಜರಾತಿನದೋ, ತೋರಣಗಲ್ಲಿನದೋ?

ಇನ್ನು ಮಾರುತಿ. ಹೆಸರು ಹನುಮಂತನದು. 1981ರಲ್ಲಿ ಭಾರತ ಸರ್ಕಾರವೇ ಹುಟ್ಟುಹಾಕಿದ ಕಂಪನಿ. 1982ರಲ್ಲಿ ಜಪಾನಿನ ಸುಜುಕಿ ಶೇ. 26ರ ಪಾಲುದಾರನಾಗಿ ಬಂತು. 2002ರಲ್ಲಿ ಸುಜುಕಿಯ ಪಾಲು ಅರ್ಧಕ್ಕಿಂತ ಹೆಚ್ಚಾಯಿತು. 2007ರಲ್ಲಿ ಸರ್ಕಾರ ತನ್ನ ಕೊನೆಯ ಷೇರನ್ನೂ ಮಾರಿ ಹೊರಬಂತು. ಹಾಗಾದರೆ ಒಂದೇ ಕಾರ್ಖಾನೆಯಲ್ಲಿ, ಅದೇ ಕಾರ್ಮಿಕರ ಕೈಯಲ್ಲಿ ತಯಾರಾದ ಕಾರು ಒಂದು ದಿನ ಸ್ವದೇಶಿಯಾಗಿತ್ತು, ಷೇರು ಪತ್ರಕ್ಕೆ ಸಹಿ ಬಿದ್ದ ಮರುದಿನ ವಿದೇಶಿಯಾಯಿತೆ? ಕಾರ್ಮಿಕನ ಬೆವರು ರಾತ್ರೋರಾತ್ರಿ ಪರದೇಶಿಯಾಗುವುದಿಲ್ಲ.

ಬಂಧುಗಳೆ, ನಾನು ಸೇವೆಯಲ್ಲಿದ್ದಾಗ ಒಂದು ಕುಡಿಯುವ ನೀರಿನ ಯೋಜನೆಗಾಗಿ ಪಂಪುಗಳ ತಪಾಸಣೆಗೆ ಹೋಗಿದ್ದೆ. ಎರಡು ಕಂಪನಿಗಳು ಸ್ಪರ್ಧೆಯಲ್ಲಿದ್ದವು. ಒಂದರದು ಅಪ್ಪಟ ದೇಶಿ ಹೆಸರು, ಇನ್ನೊಂದರದು ಪರದೇಶದ ಹೆಸರು. ದೇಶಿ ಹೆಸರಿನ ಪಂಪಿನ ಬಾಡಿ, ಬೇರಿಂಗ್, ಸೀಲ್ ಎಲ್ಲವೂ ಹಡಗಿನಲ್ಲಿ ಬಂದಿದ್ದವು. ಇಲ್ಲಿ ನಡೆದದ್ದು ಬಣ್ಣ ಹೊಡೆದು ಹೆಸರಿನ ತಗಡು ಕೂಡಿಸುವ ಕೆಲಸ ಮಾತ್ರ. ಪರದೇಶಿ ಹೆಸರಿನ ಪಂಪಿನ ಬಾಡಿ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಎರಕವಾಗಿತ್ತು. ಅದನ್ನು ಲೇಥಿನ ಮೇಲೆ ಕಡೆದವರು, ಜೋಡಿಸಿದವರು, ಒತ್ತಡ ಪರೀಕ್ಷೆ ಮಾಡಿದವರು ನಮ್ಮ ಐಟಿಐ ಓದಿದ ಹುಡುಗರು. ತಗಡಿನ ಮೇಲಿನ ಹೆಸರು ನೋಡಿದರೆ ಮೊದಲನೆಯದು ನಮ್ಮದು. ಕಾಯಕ ನೋಡಿದರೆ ಎರಡನೆಯದು ನಮ್ಮದು.

ಇದನ್ನು ಸರ್ಕಾರವೂ ಅರಿತಿದೆ. ಸರ್ಕಾರಿ ಖರೀದಿಯಲ್ಲಿ ದೇಶದ ಉತ್ಪನ್ನಕ್ಕೆ ಆದ್ಯತೆ ಕೊಡುವ ಆದೇಶವನ್ನು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿತು, ಆಮೇಲೆ ತಿದ್ದಿತು. ಆ ಆದೇಶದಲ್ಲಿ ಸ್ಥಳೀಯ ಪೂರೈಕೆದಾರನ ದರ್ಜೆಯನ್ನು ಕಂಪನಿಯ ಹೆಸರಿನಿಂದ ಅಳೆಯುವುದಿಲ್ಲ. ವಸ್ತುವಿನ ಬೆಲೆಯಲ್ಲಿ ಎಷ್ಟು ಭಾಗ ಈ ದೇಶದೊಳಗೆ ಹುಟ್ಟಿತು ಎಂದು ಲೆಕ್ಕ ಹಾಕುತ್ತಾರೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚಾದರೆ ಮೊದಲ ದರ್ಜೆ, ಶೇ. 20ರಿಂದ 50ರೊಳಗಿದ್ದರೆ ಎರಡನೆಯ ದರ್ಜೆ, ಅದಕ್ಕೂ ಕಡಿಮೆಯಾದರೆ ಸ್ಥಳೀಯನೇ ಅಲ್ಲ. ಟೆಂಡರಿಗೆ ಒಪ್ಪುವ ಈ ಲೆಕ್ಕ ನಮ್ಮ ಮನೆಯ ಅಂಗಳಕ್ಕೆ ಬರುವ ಕಾರಿಗೂ ಒಪ್ಪುತ್ತದೆ. ಅಮೆರಿಕದಲ್ಲಿ 1992ರಲ್ಲೇ ಒಂದು ಕಾಯ್ದೆ ಮಾಡಿ, ಹೊಸ ಕಾರಿನ ಬಿಡಿಭಾಗಗಳಲ್ಲಿ ಎಷ್ಟು ಪಾಲು ಅಮೆರಿಕ ಮತ್ತು ಕೆನಡಾದ್ದು, ಎಂಜಿನ್ ಯಾವ ದೇಶದ್ದು ಎಂಬುದನ್ನು ಕಾರಿಗೆ ಅಂಟಿಸಿದ ಚೀಟಿಯಲ್ಲಿ ತೋರಿಸಬೇಕು ಎಂದು ವಿಧಿಸಿದರು. ಅಂಥ ಚೀಟಿ ನಮ್ಮ ಷೋರೂಮುಗಳಲ್ಲೂ ಕಣ್ಣಿಗೆ ಕಾಣುವಂತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ಈಗ ಸ್ವಲ್ಪ ಇತಿಹಾಸಕ್ಕೆ ಹೋಗೋಣ. ಈ ದೇಶದಲ್ಲಿ ಕಾರು ತಯಾರಾಗಬೇಕು ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. 1930ರ ದಶಕದಲ್ಲಿ ಅವರು ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಮುಂಬಯಿಯಲ್ಲಿ ಒಂದು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಆ ಕನಸನ್ನು ಹಿಡಿದುಕೊಂಡು ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಆರಂಭವಾಗಿತ್ತು.

ಒಂದು ಮಾತು ಗಮನಿಸಿ. ವಿಶ್ವೇಶ್ವರಯ್ಯನವರು ವಿದೇಶಿ ಯಂತ್ರವನ್ನು ದ್ವೇಷಿಸಲಿಲ್ಲ. ಅಲ್ಲಿಗೆ ಹೋಗಿ ನೋಡಿದರು, ಬರೆದುಕೊಂಡರು, ಇಲ್ಲಿ ಮಾಡಲು ಏನು ಬೇಕು ಎಂದು ಲೆಕ್ಕ ಹಾಕಿದರು. ಅವರ ಸ್ವಾಭಿಮಾನ ಕಲಿಯುವ ಸ್ವಾಭಿಮಾನ.

ಸ್ವಾತಂತ್ರ್ಯದ ನಂತರ ಸರ್ಕಾರ ಒಂದು ನಿರ್ಧಾರ ಮಾಡಿತು. ಪೆಟ್ಟಿಗೆಯಲ್ಲಿ ತಂದ ಭಾಗಗಳನ್ನು ಇಲ್ಲಿ ಬರೀ ಜೋಡಿಸಿ ಮಾರುವವರಿಗೆ ಜಾಗವಿಲ್ಲ, ಇಲ್ಲೇ ತಯಾರಿಸುವ ಕಾರ್ಯಕ್ರಮ ಇದ್ದವರು ಮಾತ್ರ ಇರಬೇಕು. 1950ರ ದಶಕದ ಮೊದಲ ಭಾಗದಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಎರಡೂ ಹೊರಟುಹೋದವು. ಆ ನಿರ್ಧಾರದಿಂದ ಲಾಭವಾಯಿತು. ಬಿಡಿಭಾಗ ತಯಾರಿಸುವ ಸಣ್ಣ ದೊಡ್ಡ ಕಾರ್ಖಾನೆಗಳು ಬೆಳೆದವು. ಬೆಂಗಳೂರಿನ ಮೈಕೋ ಕಾರ್ಖಾನೆ ಆ ಕಾಲದ್ದೇ. ಜರ್ಮನಿಯ ಬಾಷ್ ಕಂಪನಿಯ ವಿದ್ಯೆಯಿಂದ ಅಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ತಯಾರಾದವು. ಎಷ್ಟೋ ಕನ್ನಡದ ಮನೆಗಳು ಆ ಸಂಬಳದಿಂದ ನಿಂತವು.

ಆದರೆ ನಷ್ಟವೂ ಆಯಿತು. ಸ್ಪರ್ಧೆಯೇ ಇಲ್ಲದಂತೆ ಬೇಲಿ ಹಾಕಿದ ಮೇಲೆ ಬೇಲಿಯೊಳಗಿನವರು ನಿದ್ದೆ ಮಾಡಿದರು. ಅಂಬಾಸಿಡರ್ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಮಾದರಿಯದು. 1950ರ ದಶಕದ ಕೊನೆಯಲ್ಲಿ ಬಂದ ಅದರ ಆಕಾರ 2014ರಲ್ಲಿ ಉತ್ಪಾದನೆ ನಿಲ್ಲುವವರೆಗೂ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಕಾರು ಬೇಕಾದವನು ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕೊಳ್ಳುವವನು ಬೇಡುವವನಾದ, ತಯಾರಿಸುವವನು ದಯಪಾಲಿಸುವವನಾದ. ಮಂತ್ರಿಗಳ ಬಿಳಿ ಅಂಬಾಸಿಡರ್ ನೋಡಿದಾಗ ನಮಗೆ ಹೆಮ್ಮೆ ಎನಿಸುತ್ತಿತ್ತು ನಿಜ. ಕೊನೆಗೆ ಏನಾಯಿತು? 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಆ ಹೊತ್ತಿಗೆ ಕೊಡಲು ಹೆಸರೊಂದೇ ಉಳಿದಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಮೊದಮೊದಲು ಅದರ ಹೆಚ್ಚಿನ ಭಾಗಗಳು ಜಪಾನಿನಿಂದಲೇ ಬರುತ್ತಿದ್ದವು. ಆದರೆ ಕೆಲವೇ ವರ್ಷಗಳಲ್ಲಿ ಬಿಡಿಭಾಗಗಳನ್ನು ಇಲ್ಲೇ ತಯಾರಿಸಬೇಕು ಎಂಬ ಷರತ್ತು ಇತ್ತು. ಆ ಷರತ್ತೇ ದೊಡ್ಡ ಕೆಲಸ ಮಾಡಿತು. ನಮ್ಮವರು ಜಪಾನಿನವರ ಜೊತೆ ಸೇರಿ ಸ್ಟಿಯರಿಂಗ್, ಸೀಟು, ಲೋಹದ ಹಾಳೆಯ ಭಾಗಗಳ ಕಾರ್ಖಾನೆ ತೆರೆದರು. ಒಂದು ಭಾಗ ಕೆಟ್ಟರೆ ಇಡೀ ಸಾಲು ನಿಲ್ಲುತ್ತದೆ ಎಂಬ ಶಿಸ್ತನ್ನು ಕಲಿತರು. ಆಫೀಸರನೂ ಕಾರ್ಮಿಕನೂ ಒಂದೇ ಸಮವಸ್ತ್ರ ತೊಟ್ಟು ಒಂದೇ ಕ್ಯಾಂಟೀನಿನಲ್ಲಿ ಉಣ್ಣುವ ಪದ್ಧತಿಯೂ ಬಂತು. ಪಂಕ್ತಿಭೇದವನ್ನು ಎಂಟು ಶತಮಾನಗಳ ಹಿಂದೆಯೇ ಬಿಟ್ಟವರ ವಾರಸುದಾರರು ನಾವು. ಅದನ್ನು ಕಾರ್ಖಾನೆಯಲ್ಲಿ ತರಲು ಜಪಾನಿನವರು ಬರಬೇಕಾಯಿತು.

ಇದರ ಫಲ ಈಗ ಕಾಣುತ್ತಿದೆ. 2025ರ ಜನವರಿಯಲ್ಲಿ ಸುಜುಕಿ ಕಂಪನಿ ಐದು ಬಾಗಿಲಿನ ಜಿಮ್ನಿ ಕಾರನ್ನು ಜಪಾನಿನಲ್ಲಿ ಮಾರಾಟಕ್ಕೆ ಇಟ್ಟಿತು. ಅದು ತಯಾರಾಗುವುದು ಗುರುಗ್ರಾಮದಲ್ಲಿ. ಕೆಲವೇ ದಿನಗಳಲ್ಲಿ ಸುಮಾರು 50,000 ಜನ ಬುಕಿಂಗ್ ಮಾಡಿದರು. ಕಂಪನಿ ಸದ್ಯಕ್ಕೆ ಬುಕಿಂಗ್ ಬೇಡ ಎಂದು ನಿಲ್ಲಿಸಬೇಕಾಯಿತು. ಗುಣಮಟ್ಟದಲ್ಲಿ ತುಂಬ ಕಟ್ಟುನಿಟ್ಟಾದ ಜಪಾನಿನ ಗ್ರಾಹಕ ಹರಿಯಾಣದ ಕಾರ್ಮಿಕ ಮಾಡಿದ ಕಾರಿಗಾಗಿ ಕಾಯುತ್ತಿದ್ದಾನೆ. ಅವನೂ ವಿದೇಶಿ ಕಾರು ಬೇಡ ಎಂದಿದ್ದರೆ ನಷ್ಟ ಯಾರಿಗೆ?

ಹಾಗಾದರೆ ಯಾರ ಕಂಪನಿಯಾದರೇನು ಎಂದು ಸುಮ್ಮನಿರಬಹುದೆ? ಇಲ್ಲ. ಇಲ್ಲಿ ಆ ಯುವಕನ ಮಾತಿನಲ್ಲೂ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಪರದೇಶದ ಕಂಪನಿಗೆ ಲಾಭಾಂಶ ಹೋಗುತ್ತದೆ, ರಾಯಲ್ಟಿ ಹೋಗುತ್ತದೆ. ಅದಕ್ಕಿಂತ ದೊಡ್ಡದು, ನಿರ್ಧಾರ ಮಾಡುವ ಕುರ್ಚಿ ಅಲ್ಲಿರುತ್ತದೆ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ಬಿಡುವುದಾಗಿ ಪ್ರಕಟಿಸಿತು. ಸಾವಿರಾರು ಕಾರ್ಮಿಕರ ಮನೆಯ ಒಲೆಯ ಪ್ರಶ್ನೆಯನ್ನು ಸಾಗರದಾಚೆಯ ಒಂದು ಕೋಣೆಯಲ್ಲಿ ತೀರ್ಮಾನಿಸಿದರು. ಆ ಫೋರ್ಡ್‌ನ ಸಾಣಂದ ಕಾರ್ಖಾನೆಯನ್ನು ಆಮೇಲೆ ಕೊಂಡು ನಡೆಸುತ್ತಿರುವುದು ಟಾಟಾ. ಬೇರು ಇಲ್ಲೇ ಇರುವವನು ಹಾಗೆ ಗಂಟುಮೂಟೆ ಕಟ್ಟುವುದು ಕಷ್ಟ.

ಎರಡನೆಯದು, ವಿನ್ಯಾಸದ ವಿದ್ಯೆ. ನಟ್ಟು ಬಿಗಿಯುವುದು ಒಂದು ಕೆಲಸ, ಇಡೀ ಕಾರನ್ನು ಹಾಳೆಯ ಮೇಲೆ ಕಲ್ಪಿಸಿ ಬರೆಯುವುದು ಇನ್ನೊಂದು. 1998ರಲ್ಲಿ ಬಂದ ಟಾಟಾ ಇಂಡಿಕಾ ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಹೊರ ಆಕಾರಕ್ಕೆ ಇಟಲಿಯ ವಿನ್ಯಾಸ ಸಂಸ್ಥೆಯ ಸಹಾಯ ಪಡೆದರೂ ಕಾರಿನ ಕಲ್ಪನೆ, ಹೊಣೆ ಎರಡೂ ನಮ್ಮ ಇಂಜಿನಿಯರರವು. ಮೊದಲ ವರ್ಷಗಳಲ್ಲಿ ಗ್ರಾಹಕರಿಂದ ದೂರುಗಳು ಬಂದವು. ದೂರನ್ನು ದೇಶದ್ರೋಹ ಎನ್ನದೆ ಕಂಪನಿ ಕಿವಿಗೊಟ್ಟು ಕೇಳಿತು. 2001ರಲ್ಲಿ ತಿದ್ದಿದ ಮಾದರಿ ತಂದಿತು, ಅದು ಚೆನ್ನಾಗಿ ಮಾರಾಟವಾಯಿತು. ಬೈಗುಳ ಕೇಳಿ ತಿದ್ದಿಕೊಂಡ ಆ ಎರಡು ಮೂರು ವರ್ಷಗಳಲ್ಲಿ ನಮ್ಮ ಇಂಜಿನಿಯರರು ಕಲಿತದ್ದು ಯಾವ ಬೇಲಿಯೊಳಗೂ ಕಲಿಯಲಾಗದ ವಿದ್ಯೆ. ಅದೇ 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹುಟ್ಟಿತು. ಲಂಡನ್ನಿನ ರಸ್ತೆಗಳಲ್ಲಿ ಬೇರೆ ಹೆಸರಿನಿಂದ ಓಡಿತು. ವಿದ್ಯುತ್ ಕಾರಿನ ಮಾತನ್ನು ಯಾರೂ ಆಡದಿದ್ದ ಕಾಲದಲ್ಲಿ ಕನ್ನಡ ನಾಡಿನಲ್ಲಿ ಅದನ್ನು ಮಾಡಿ ತೋರಿಸಿದ್ದರು. 2010ರಲ್ಲಿ ಆ ಕಂಪನಿಯನ್ನು ಮಹೀಂದ್ರ ವಹಿಸಿಕೊಂಡಿತು.

ಈಗಿನ ವಿದ್ಯುತ್ ಕಾರುಗಳ ಸ್ಥಿತಿ ನೋಡಿ. ಹೆಸರು ದೇಶಿ, ಷೋರೂಮು ದೇಶಿ. ಬ್ಯಾಟರಿಯೊಳಗಿನ ಸೆಲ್ ಬಹುಪಾಲು ಹೊರಗಿನಿಂದ ಬರುತ್ತದೆ. ಮೋಟಾರಿಗೆ ಬೇಕಾದ ವಿಶೇಷ ಅಯಸ್ಕಾಂತಗಳು ಚೀನಾದಿಂದ ಬರುತ್ತವೆ. 2025ರ ಏಪ್ರಿಲಿನಲ್ಲಿ ಚೀನಾ ಆ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿದಾಗ ನಮ್ಮ ವಾಹನ ಕಂಪನಿಗಳು ಉತ್ಪಾದನೆ ಹೇಗೆ ಎಂದು ಚಿಂತಿಸಬೇಕಾಯಿತು. ಬಾನೆಟ್ಟಿನ ಮೇಲಿನ ಹೆಸರು ಆಗ ಯಾರನ್ನೂ ಕಾಪಾಡಲಿಲ್ಲ.

ಈಗ ನಾನು ಅತ್ಯಂತ ಮುಖ್ಯ ಎಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಮಾರುತಿ ಸುಜುಕಿಯ ಆಲ್ಟೊ, ಟಾಟಾದ ನ್ಯಾನೊ, ಹ್ಯುಂಡೈನ ಐ10, ಫೋರ್ಡ್‌ನ ಫಿಗೊ, ಫೋಕ್ಸ್‌ವ್ಯಾಗನ್‌ನ ಪೋಲೊ. ಜಪಾನಿನ ನಂಟು, ನಮ್ಮ ದೇಶ, ಕೊರಿಯಾ, ಅಮೆರಿಕ, ಜರ್ಮನಿ ಎಲ್ಲವೂ ಬಂದವು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕ ನಕ್ಷತ್ರ ಸೊನ್ನೆ. ಅದೇ ಪೋಲೊವನ್ನು ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು. ಅಂದರೆ ವಿದ್ಯೆ ಇತ್ತು, ವಸ್ತು ಇತ್ತು. ನಮ್ಮ ಕಾನೂನು ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ, ಆದ್ದರಿಂದ ಅವರು ಕೊಟ್ಟಿರಲಿಲ್ಲ. ಯೂರೋಪಿನ ಜೀವಕ್ಕೆ ಒಂದು ಬೆಲೆ, ನಮ್ಮ ಮಕ್ಕಳ ಜೀವಕ್ಕೆ ಇನ್ನೊಂದು ಬೆಲೆ.

ಬಂಧುಗಳೆ, ದೇಶದ ಅಭಿಮಾನಕ್ಕೆ ಪೆಟ್ಟು ಬೀಳಬೇಕಾದದ್ದು ಅಲ್ಲಿ. 2022ರ ಒಂದೇ ವರ್ಷ ನಮ್ಮ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಷೋರೂಮಿಗೆ ಹೋದಾಗ ನಾವು ಮೈಲೇಜ್ ಕೇಳುತ್ತೇವೆ, ಬಣ್ಣ ಕೇಳುತ್ತೇವೆ, ಟಿವಿಯಷ್ಟು ದೊಡ್ಡ ಪರದೆ ಇದೆಯೆ ಎಂದು ಕೇಳುತ್ತೇವೆ. ಡಿಕ್ಕಿಯಾದರೆ ಹಿಂದೆ ಕೂತ ತಾಯಿ ಉಳಿಯುತ್ತಾಳೆಯೆ ಎಂದು ಕೇಳುವುದಿಲ್ಲ. ಪರೀಕ್ಷೆಯ ಫಲಿತಾಂಶ ಹೊರಬಂದು ಜನ ಕೇಳಲು ಶುರುಮಾಡಿದ ಮೇಲೆ ಬದಲಾವಣೆ ಬಂತು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಆ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. 2019ರಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷಾ ವ್ಯವಸ್ಥೆ ನಡೆಯುತ್ತಿದೆ. ಸೊನ್ನೆ ಪಡೆದ ಕಂಪನಿಯೇ ಐದು ವರ್ಷದೊಳಗೆ ಐದು ಪಡೆದದ್ದು ನನ್ನಂಥ ಇಂಜಿನಿಯರಿಗೆ ನಿಜವಾದ ಹೆಮ್ಮೆ. ಯಾರೋ ಸಂದೇಶ ಕಳಿಸಿದ್ದಕ್ಕಾಗಿ ಕೊಂಡಿದ್ದರೆ ಆ ಐದು ನಕ್ಷತ್ರ ಬರುತ್ತಿರಲಿಲ್ಲ.

ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ತಾಯಂದಿರು ಕೂತು ಹೊಲಿಯುತ್ತಾರೆ. ಸ್ವದೇಶಿಗೆ ಅದಕ್ಕಿಂತ ದೊಡ್ಡ ಗುರುತು ಯಾವುದಿದೆ? ಆದರೂ ಸ್ವದೇಶಿ ಖಾದಿ ಎಂಬ ಒಂದೇ ಕಾರಣಕ್ಕೆ ಅಲ್ಲಿ ಬಟ್ಟೆಯನ್ನು ಒಪ್ಪುವುದಿಲ್ಲ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರಿನ ಮಾನಕವೇ ರಾಷ್ಟ್ರಧ್ವಜದ್ದು. ನೂಲು, ನೇಯ್ಗೆ, ಬಣ್ಣ, ಅಳತೆ, ಹೊಲಿಗೆ ಎಲ್ಲವೂ ಅದರಂತೆ ಇರಬೇಕು, ಇಲ್ಲದಿದ್ದರೆ ಆ ಧ್ವಜ ಹೊರಗೆ ಹೋಗುವುದಿಲ್ಲ. ದೇಶದ ಬಾವುಟವೇ ಪರೀಕ್ಷೆಗೆ ನಿಲ್ಲುವಾಗ ದೇಶದ ಕಾರು ಪರೀಕ್ಷೆಯಿಲ್ಲದೆ ನಮ್ಮ ಅಭಿಮಾನವನ್ನು ಕೇಳಬಾರದು.

ಇನ್ನೊಂದು ಎಚ್ಚರಿಕೆಯ ಮಾತು. ಕಾರಿನ ಅಭಿಮಾನ ದ್ವೇಷವಾದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಮೆರಿಕ ಕಂಡಿದೆ. 1980ರ ದಶಕದ ಆರಂಭದಲ್ಲಿ ಜಪಾನಿನ ಸಣ್ಣ ಕಾರುಗಳು ಅಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದವು, ಡೆಟ್ರಾಯಿಟ್ ನಗರದ ಕಾರ್ಖಾನೆಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಜಪಾನಿನ ಕಾರುಗಳನ್ನು ಸುತ್ತಿಗೆಯಿಂದ ಒಡೆಯುವ ಪ್ರದರ್ಶನಗಳು ನಡೆದವು. 1982ರ ಜೂನಿನಲ್ಲಿ ಅಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಯುವಕನನ್ನು ಇಬ್ಬರು ಬೇಸ್‌ಬಾಲ್ ದಾಂಡಿನಿಂದ ಹೊಡೆದರು, ನಾಲ್ಕು ದಿನಗಳ ನಂತರ ಅವನು ಸತ್ತ. ಹೊಡೆದವರು ಕಾರು ಕಾರ್ಖಾನೆಯ ಜನ. ನಿಮ್ಮವರಿಂದಲೇ ನಮ್ಮ ಕೆಲಸ ಹೋಯಿತು ಎಂಬರ್ಥದ ಮಾತು ಕೇಳಿದ್ದಾಗಿ ಸಾಕ್ಷಿ ಹೇಳಿದರು. ಆ ಯುವಕ ಜಪಾನಿನವನೇ ಅಲ್ಲ, ಚೀನಾ ಮೂಲದ ಅಮೆರಿಕನ್. ನಕ್ಷೆ ಬರೆಯುವ ಉದ್ಯೋಗದಲ್ಲಿದ್ದ, ಕೆಲವೇ ದಿನಗಳಲ್ಲಿ ಅವನ ಮದುವೆಯಿತ್ತು. ಅಲ್ಲಿನ ನ್ಯಾಯಾಲಯ ಹೊಡೆದವರಿಗೆ ಜೈಲು ವಿಧಿಸಲಿಲ್ಲ, ತಲಾ 3,000 ಡಾಲರ್ ದಂಡ ಹಾಕಿ ನಿಗಾದಲ್ಲಿ ಇಟ್ಟು ಬಿಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಜಪಾನಿನ ಹೋಂಡಾ ಕಂಪನಿ ಪಕ್ಕದ ಒಹಾಯೊ ರಾಜ್ಯದಲ್ಲಿ ಕಾರು ತಯಾರಿಸಲು ಶುರುಮಾಡಿ ಅಮೆರಿಕನ್ನರಿಗೇ ಕೆಲಸ ಕೊಟ್ಟಿತು. ದ್ವೇಷಕ್ಕೆ ಆರು ತಿಂಗಳು ಕಾಯುವ ತಾಳ್ಮೆಯೂ ಇರಲಿಲ್ಲ.

ನಮ್ಮಲ್ಲಿ ಅಂಥದ್ದು ಆಗುವುದಿಲ್ಲ ಎನ್ನಬೇಡಿ. ಎಲ್ಲ ದ್ವೇಷವೂ ಪೂಜೆಯ ಮನೆಯಲ್ಲಿ ಆಡಿದ ಒಂದು ಚುಚ್ಚುಮಾತಿನಿಂದಲೇ ಶುರುವಾಗುತ್ತದೆ.

ಹಾಗಾದರೆ ಕಾರು ಕೊಳ್ಳುವ ಶರಣ ಬಂಧು ಏನು ಮಾಡಬೇಕು? ನಾನು ನಾಲ್ಕು ಪ್ರಶ್ನೆ ಹೇಳುತ್ತೇನೆ, ಬರೆದುಕೊಂಡರೆ ಸಂತೋಷ. ಒಂದು, ಈ ಕಾರು ಎಲ್ಲಿ ತಯಾರಾಯಿತು, ಇದರ ಭಾಗಗಳಲ್ಲಿ ಎಷ್ಟು ಇಲ್ಲಿಯವು? ಡೀಲರನನ್ನು ಕೇಳಿ, ಉತ್ತರ ಗೊತ್ತಿಲ್ಲದಿದ್ದರೆ ಬರೆದು ತರಿಸಿ ಎನ್ನಿ. ಎರಡು, ಡಿಕ್ಕಿ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ? ಮೂರು, ಇದರ ವಿನ್ಯಾಸ ಮಾಡಿದವರು ಯಾರು, ಹತ್ತು ವರ್ಷ ಬಿಡಿಭಾಗ ಸಿಗುತ್ತದೆಯೆ, ಕಂಪನಿ ಊರು ಬಿಟ್ಟರೆ ನನ್ನ ಗತಿ ಏನು? ನಾಲ್ಕು, ಇದನ್ನು ಮಾಡಿದ ಕೈಗಳಿಗೆ ನ್ಯಾಯವಾದ ಕೂಲಿ ಸಿಗುತ್ತಿದೆಯೆ, ಅಥವಾ ವರ್ಷಾನುಗಟ್ಟಲೆ ಗುತ್ತಿಗೆಯಲ್ಲೇ ಇಟ್ಟಿದ್ದಾರೆಯೆ? ಈ ನಾಲ್ಕರಲ್ಲಿ ಎರಡು ಕಾರು ಸಮ ಬಂದರೆ, ಇಲ್ಲೇ ಕಲ್ಪಿಸಿ ಇಲ್ಲೇ ಮಾಡಿದ್ದನ್ನು ಆರಿಸಿ. ಅಷ್ಟು ಒಲವು ನ್ಯಾಯವಾದದ್ದೆ. ಸಮ ಬಾರದಿದ್ದರೆ ನಮ್ಮ ಕಂಪನಿಗೆ ಒಂದು ಪತ್ರ ಬರೆದು ಯಾಕೆ ಕೊಳ್ಳಲಿಲ್ಲ ಎಂದು ತಿಳಿಸಿ. ಆ ಪತ್ರವೂ ದೇಶಸೇವೆಯೇ.

ತರುಣರಿಗೆ ಒಂದು ಮಾತು. ಬೆಳಗಾವಿಯ ಫೌಂಡ್ರಿಗಳು, ಧಾರವಾಡದಲ್ಲಿ ಟಾಟಾದವರು ಬ್ರೆಜಿಲ್ಲಿನ ಮಾರ್ಕೊಪೋಲೊ ಕಂಪನಿಯ ಜೊತೆ ಕೂಡಿ ಶುರುಮಾಡಿದ ಬಸ್ಸು ಕಾರ್ಖಾನೆ, ಬಿಡದಿಯಲ್ಲಿ ಹಳ್ಳಿ ಮಕ್ಕಳಿಗಾಗಿ 2007ರಲ್ಲಿ ಟೊಯೊಟಾ ತೆರೆದ ತರಬೇತಿ ಶಾಲೆ, ಇವೆಲ್ಲ ನಮ್ಮ ನಾಡಿನಲ್ಲೇ ಇವೆ. ಸ್ವದೇಶಿ ಬೇಕೆನ್ನುವವನು ಅಲ್ಲಿ ಹೋಗಿ ಕಲಿಯಲಿ. ಎರಕದ ಲೋಹ, ಬ್ಯಾಟರಿಯ ರಸಾಯನ, ಮೋಟಾರಿನ ಅಯಸ್ಕಾಂತ, ಇವುಗಳ ಮೇಲೆ ಹತ್ತು ವರ್ಷ ಕೂತು ದುಡಿಯುವ ಮಕ್ಕಳು ಬೇಕಾಗಿದ್ದಾರೆ. ಕಾಯಕ ಎನ್ನುವ ಮಾತನ್ನು ನಾವು ಭಾಷಣದಲ್ಲಿ ಬಹಳ ಬಳಸುತ್ತೇವೆ. ಅದು ಮೊದಲು ಕೈಗೆ ಇಳಿಯಬೇಕು.

ಹಿರಿಯರಿಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ಕಾರಿನ ಹೆಸರು, ಮಾಡೆಲ್ಲು, ಬಣ್ಣ ಹೇಳಿ ಕೇಳುವ ರೂಢಿ ಇನ್ನೂ ಹೋಗಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ಹೆಣ್ಣಿನ ತಂದೆ ಹೊಲ ಒತ್ತೆಯಿಟ್ಟು ತಂದು ನಿಲ್ಲಿಸಿದ ಕಾರು ಯಾವ ದೇಶದ್ದಾದರೂ ಸ್ವದೇಶಿಯಲ್ಲ, ಅದು ಕಸಿದದ್ದು. ಅದರ ಮೇಲೆ ತ್ರಿವರ್ಣ ಧ್ವಜ ಕಟ್ಟಿಕೊಂಡು ತಿರುಗಿದರೆ ಧ್ವಜಕ್ಕೆ ಅವಮಾನ. ದೇಶದ ಅಭಿಮಾನವನ್ನು ಕಾರಿನಿಂದ ಶುರುಮಾಡುವುದಾದರೆ ಈ ಕಾರನ್ನು ಬೇಡ ಎನ್ನುವುದರಿಂದ ಶುರುಮಾಡೋಣ. ಈ ಮಠದ ಆವರಣದಲ್ಲಿ ನಡೆಯುವ ಮದುವೆಗಳಲ್ಲಾದರೂ ಕಾರು ಕೊಡುವುದು, ಕೊಳ್ಳುವುದು ಇರಬಾರದು ಎಂದು ಪೂಜ್ಯರು ಅಪ್ಪಣೆ ಕೊಡಿಸಬೇಕೆಂದು ಎಲ್ಲರ ಪರವಾಗಿ ಬೇಡಿಕೊಳ್ಳುತ್ತೇನೆ.

 ಪ್ರಶ್ನೆಗಳಿದ್ದರೆ ಪ್ರಸಾದದ ನಂತರ ಇಲ್ಲೇ ಇರುತ್ತೇನೆ, ಕೇಳಬಹುದು.